ಬಾಗಿಲಾಚೆ ಓದಿದ ಒಗ್ಗರಣೆ ಕವಿತೆ

"ನಿಲ್ಲಿಸ್ಬೇಡ ಕಣೇ, ಇನ್ನೊಂದ್ಸಲ ಓದು," ಎಂದರು ನನ್ನ ಗಂಡ, ಮುಚ್ಚಿದ ಬಾಗಿಲಿನ ಒಳಗಿಂದ. ಕೌಲಾಲಂಪುರದ ಬ್ರಿಕ್‌ಫೀಲ್ಡ್ಸ್‌ನ ನಮ್ಮ ಫ್ಲ್ಯಾಟಿನಲ್ಲಿ ಕೊರೊನಾ ತಗುಲಿ ಅವರು ಕೋಣೆ ಸೇರಿದ್ದರು. ವಾಸನೆ, ರುಚಿ ಎರಡೂ ಹೋಗಿ, ಬಾಗಿಲಲ್ಲಿಟ್ಟ ತಟ್ಟೆ ಹಾಗೇ ಉಳಿಯುತ್ತಿತ್ತು. ಆ ಮಧ್ಯಾಹ್ನ ಸಾರನ್ನ ಇಟ್ಟು, ಬೇರೇನೂ ತೋಚದೆ, ನಾನೇ ಹಿಂದೆ ಬರೆದಿದ್ದ ಒಗ್ಗರಣೆಯ ಕವಿತೆಯನ್ನು ಹೊರಗೆ ನಿಂತು ಓದಿದ್ದೆ. ಸಿಡಿಯುವ ಸಾಸಿವೆ, ತುಪ್ಪಕ್ಕೆ ಬಿದ್ದ ಇಂಗು, ಕರಿಬೇವು, ಅದರಲ್ಲಿರುವುದು ಇಷ್ಟೇ. "ಇದು ಕವಿತೇನಾ, ಅಡುಗೆ ಪುಸ್ತಕಾನಾ?" ಎಂದು ಒಮ್ಮೆ ನಕ್ಕವರೂ ಇವರೇ. ಮತ್ತೆ ಓದಿದೆ. ಒಳಗೆ ಅವರು ಸೊರಸೊರನೆ ಸಾರನ್ನ ಉಣ್ಣುವ ಸದ್ದು ಕೇಳಿ ಹೋದ ಜೀವ ಬಂದಂತಾಯಿತು.

ಈಗ ಗುಣವಾಗಿದ್ದಾರೆ, ಕವಿತೆ ಎಂದರೆ ಮತ್ತೆ ಆಕಳಿಸುತ್ತಾರೆ. ಆಕಳಿಸಲಿ. ಕವಿಗೋಷ್ಠಿಗಳಲ್ಲಿ ನನಗೆ ಚಪ್ಪಾಳೆ ಸಿಕ್ಕಿದ್ದುಂಟು. ಖಾಲಿ ತಟ್ಟೆ ಸಿಕ್ಕಿದ್ದು ಆ ಒಂದು ಕವಿತೆಗೆ ಮಾತ್ರ.