ಲೂಡಿವಿನಾಳ ಮನೆಯ ಕರೆಂಟು ಪೈಪು

ಲೂಡಿವಿನಾಳ ಅನುಮಾನದಿಂದ ತಪ್ಪಿಸಿಕೊಂಡವರು ಆ ಓಣಿಯಲ್ಲಿ ಒಬ್ಬರೂ ಇರಲಿಲ್ಲ. ಮೀನಿನ ಕಿವಿರು ಎತ್ತಿ ನೋಡುವುದು ಎಲ್ಲರೂ ಮಾಡುವ ಕೆಲಸವೇ. ಇವಳು ಮಾರುವವಳ ಮುಖವನ್ನೂ ಹಾಗೇ ತಿರುಗಿಸಿ ನೋಡುವಳು. ಹಬ್ಬದ ದಿನ ಪಾದ್ರಿ ಕೈ ಕುಲುಕಿದರೂ ಸರಿ, ತನ್ನ ಬೆರಳಲ್ಲಿ ಉಂಗುರ ಇನ್ನೂ ಇದೆಯೇ ಎಂದು ಮುಟ್ಟಿ ನೋಡಿಕೊಳ್ಳುವಳು. ಕತಂದ್ವಾನೆಸ್ ದ್ವೀಪದ ಕಡಲಂಚಿನಲ್ಲಿ ಅವಳದೊಂದು ಪುಟ್ಟ ಅಂಗಡಿ, ಅದರಲ್ಲೊಂದು ಐಸ್ ಪೆಟ್ಟಿಗೆ. ಬೆಳಗಾದರೆ ಬೆಸ್ತರೆಲ್ಲ ಐಸಿಗಾಗಿ ಅವಳ ಬಾಗಿಲಿಗೇ ಬರಬೇಕು. ಓಣಿಗೆಲ್ಲ ಅವಳು ಮನಾಯ್, ಅಂದರೆ ದೊಡ್ಡಕ್ಕ.

ಕಂಬದಿಂದ ಬಂದ ಕರೆಂಟಿನ ತಂತಿಯನ್ನು ಅವಳ ಮನೆಯ ಸೂರು ತೂರಿ ನಿಂತ ಕಬ್ಬಿಣದ ಪೈಪಿಗೆ ಕಟ್ಟಿದ್ದರು. ಅದೇ ಪೈಪಿನೊಳಗೆ ವೈರು ಮೀಟರಿನವರೆಗೆ ಇಳಿಯುತ್ತಿತ್ತು. ಉಪ್ಪುಗಾಳಿ ಆ ಪೈಪನ್ನು ತಿಂದು ಹಾಕಿತ್ತು. ಕರೆಂಟು ಕಚೇರಿಯವನು ಬಂದು ಅಲುಗಾಡಿಸಿದ, ತಲೆಯ ಮೇಲೆಲ್ಲ ತುಕ್ಕು ಉದುರಿತು. ಬದಲಾಯಿಸದಿದ್ದರೆ ಲೈನು ಕಿತ್ತೇಬಿಡುತ್ತೇನೆ ಎಂದು ಹೇಳಿ ಹೋದ.

ವೈರಿಂಗ್ ಕೆಲಸದ ಪೊಲಿಕಾರ್ಪಿಯೊ ಪಕ್ಕದ ಮನೆಯವನು. ಬಂದು ನೋಡಿ, "ಈ ಸಲ ಪ್ಲಾಸ್ಟಿಕ್ ಹಾಕೋಣ, ಮನಾಯ್" ಅಂದ.

"ಪ್ಲಾಸ್ಟಿಕ್ಕಾ? ಯಾಕೆ, ಚಾಕು ಇಟ್ಟು ಸಲೀಸಾಗಿ ಕುಯ್ದು ಕರೆಂಟು ಎಳ್ಕೋಬಹುದು ಅಂತಾನಾ? ನಿನ್ನ ಗೋಡೆ ನಮ್ಮ ಗೋಡೆಗೆ ಅಂಟ್ಕೊಂಡೇ ಇದೆ ನೋಡು!"

"ಅಯ್ಯೋ ದೇವ್ರೇ, ನಾನ್ಯಾಕೆ ಕುಯ್ಲಿ? ತುಕ್ಕು ಹಿಡಿಯಲ್ಲ ಅಂತ ಹೇಳ್ದೆ ಅಷ್ಟೇ."

"ತಂತಿ ಭಾರಕ್ಕೆ ಬಾಗಲ್ವಾ?"

"ತಂತೀನ ಪೈಪಿಗೇ ಕಟ್ಟಿದ್ರೆ ಬಾಗತ್ತೆ. ನಾನು ಗೋಡೆಗೆ ಕೊಕ್ಕೆ ಬಿಗಿದು ಅದಕ್ಕೆ ಕಟ್ತೀನಿ. ಚಂಡಮಾರುತ ಎಳೆದ್ರೂ ಕೊಕ್ಕೇನೇ ಎಳೀಬೇಕು. ಪೈಪು ಒಳಗಿನ ವೈರು ಕಾಪಾಡಿದ್ರೆ ಸಾಕು."

"ಹೂಂ, ಎಲ್ಲಾದಕ್ಕೂ ಉತ್ತರ ರೆಡಿ ಇಟ್ಕೊಂಡೇ ಬಂದಿದೀಯ. ಅದೇ ನಂಗೆ ಅನುಮಾನ!"

ಅವಳ ಅನುಮಾನ ಸುಮ್ಮನೆ ಹುಟ್ಟಿದ್ದಲ್ಲ. ಎಷ್ಟೋ ವರ್ಷಗಳ ಹಿಂದೆ ಇದೇ ಪೈಪಿನಲ್ಲಿ, ಸೂರಿನ ಕೆಳಗೆ ಕೈಗೆಟುಕುವ ಕಡೆ, ಕಚೇರಿಯವರು ಒಂದು ತೂತು ಕಂಡುಹಿಡಿದಿದ್ದರು. "ಜಂಪರ್! ತೂತಿಂದ ಕಳ್ಳವೈರು ಎಳೆದು, ಮೀಟರಿಗೆ ಸಿಗದ ಹಾಗೆ ಕರೆಂಟು ಕದೀತಿದಾರೆ!" ಎಂದು ನಡುಬೀದಿಯಲ್ಲಿ ನಿಂತು ಕೂಗಿದರು. ತೂತಿಗೆ ತಗಡು ಸುತ್ತಿ ಟಾರು ಬಳಿದು ಹೋದರು. ಅವಳ ಗಂಡ ಆನ್ಸೆಲ್ಮೊ "ನಾನು ಮಾಡಿಲ್ಲ" ಎಂದು ಎಲ್ಲರೆದುರು ಹೇಳಿದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜನ ಚದುರಿದ ಮೇಲೆ ಲೂಡಿವಿನಾ ಬಾಗಿಲು ಹಾಕಿ ತಗ್ಗಿದ ದನಿಯಲ್ಲಿ ಕೇಳಿದಳು: "ನನ್ ಹತ್ರ ಆದ್ರೂ ನಿಜ ಹೇಳು ಸೆಲ್ಮೊ. ನೀನೇ ತಾನೇ?"

ಅವನು ಅವಳ ಮುಖ ನೋಡಿದ, ಉತ್ತರ ಕೊಡಲಿಲ್ಲ. ಅಂದಿನಿಂದ ಮನೆಯ ಒಂದು ಸ್ವಿಚ್ಚನ್ನೂ ಅವನು ಮುಟ್ಟಿದ್ದಿಲ್ಲ. ಕತ್ತಲಾದರೆ ಕತ್ತಲಲ್ಲೇ ಕೂತು ಬಲೆ ಹೆಣೆಯುವನು, ಅವಳೇ ಬಂದು ದೀಪ ಹಾಕಬೇಕು. ತಪ್ಪು ಮಾಡಿದವನ ಮನಸ್ಸು ಚುಚ್ಚುತ್ತಿದೆ, ಅದಕ್ಕೇ ಹೀಗೆ, ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಬೀದಿಯ ಕಡೆಯ ಕಿಟಕಿಯನ್ನು ಅಂದು ಮುಚ್ಚಿದವಳು ಮತ್ತೆ ತೆರೆದಿರಲಿಲ್ಲ. ಇನ್ನೊಮ್ಮೆ ಯಾರಾದರೂ ಈ ಮನೆಯನ್ನು ಕಳ್ಳರ ಮನೆ ಎಂದರೆ ತಾನು ಬದುಕಲಾರೆ ಎಂಬುದೊಂದೇ ಅವಳ ಭಯ.

ಕೆಲಸದ ದಿನ ಕಚೇರಿಯವರು ಕಂಬದಲ್ಲಿ ಲೈನು ಬಿಚ್ಚಿಕೊಟ್ಟರು. ಲೂಡಿವಿನಾ ಏಣಿಯ ಬುಡದಲ್ಲೇ ಸ್ಟೂಲು ಹಾಕಿಕೊಂಡು, ಕಣ್ಣು ಮಿಟುಕಿಸದೆ ಕೂತಳು. ಕಾಫಿ ಕುಡಿಯುವಾಗಲೂ ಲೋಟದ ಮೇಲಿಂದ ಪೊಲಿಕಾರ್ಪಿಯೊನ ಕೈಯನ್ನೇ ನೋಡುತ್ತಿದ್ದಳು.

"ಮನಾಯ್, ಹೀಗೆ ನೋಡಿದ್ರೆ ಬಿದ್ದುಬಿಡ್ತೀನಿ!"

"ಬೀಳು. ಬಿದ್ರೂ ಕೈ ನಂಗೆ ಕಾಣೋ ಹಾಗೆ ಬೀಳು."

ಅವನು ಸೂರಿನ ತಗಡು ಬಿಚ್ಚಿ, ಅಲ್ಲಿವರೆಗೆ ಮುಚ್ಚಿಹೋಗಿದ್ದ ಪೈಪಿಗೆ ಕೈ ಹಾಕಿದ. ಅದು ಹಪ್ಪಳದಂತೆ ಮುರಿಯಿತು.

"ಕೊಡಿಲ್ಲಿ! ಏನೋ ಬಚ್ಚಿಡ್ತಿದೀಯ!" ಎಂದು ಅವಳು ತುಂಡನ್ನು ಕಿತ್ತುಕೊಂಡಳು.

ಕೆಳತುದಿಯಲ್ಲಿ ಆ ಹಳೆಯ ಟಾರಿನ ತೇಪೆ. ಮೇಲೆ, ಸೂರಿನೊಳಗೆ ಅಡಗಿದ್ದ ಭಾಗದ ತುಂಬ ತೂತುಗಳು.

"ಇವನ್ನ ಈಗ ನೀನೇ ಮಾಡ್ದೆಯಾ?"

"ನಾನಾ? ತಗಡು ಬಿಚ್ಚಿದ್ದು ನಿನ್ ಕಣ್ಣೆದುರೇ ಅಲ್ವಾ? ಅದರೊಳಗೆ ಯಾರ ಕೈ ಹೋಗತ್ತೆ? ಮೇಲಿನ ಟೋಪಿ ಒಡೆದಿದೆ, ಮಳೆನೀರು ಇಳಿದಿದೆ, ತುಕ್ಕು ಒಳಗಿಂದ್ಲೇ ತಿಂದಿದೆ."

ಹೌದು, ಅವಳು ಕಣ್ಣೇ ತೆಗೆದಿರಲಿಲ್ಲ. ಉಗುರಿನಿಂದ ಹಳೆಯ ತೇಪೆಯನ್ನು ಎಬ್ಬಿಸಿದಳು. ಅಡಿಯಲ್ಲೂ ಅಂಥದೇ ತೂತು, ಒಳಗಿನಿಂದ ಸವೆದ ಅಂಥದೇ ಅಂಚು. ಓಣಿ ಅವನನ್ನು ಕಳ್ಳ ಎಂದಿತ್ತು, ಹೋಗಲಿ, ಅವರು ಹೊರಗಿನವರು. ತಾನು? ಅವನ ತಟ್ಟೆಗೆ ಅನ್ನ ಬಡಿಸುತ್ತಲೇ ಇಷ್ಟು ವರ್ಷ ಕಳ್ಳನೆಂದುಕೊಂಡಿದ್ದಳಲ್ಲ!

ಸಂಜೆಯ ಹೊತ್ತಿಗೆ ಪ್ಲಾಸ್ಟಿಕ್ ಪೈಪು ಗೋಡೆಗೇರಿತು, ಲೈನೂ ಬಂತು. ಒಳಗೆ ಆನ್ಸೆಲ್ಮೊ ಎಂದಿನಂತೆ ಮಬ್ಬಿನಲ್ಲಿ ಬಲೆ ಹಿಡಿದು ಕೂತಿದ್ದ. ಅವಳು ಪೈಪಿನ ತುಂಡನ್ನು ಅವನ ತೊಡೆಯ ಮೇಲಿಟ್ಟಳು.

"ತುಕ್ಕು ಸೆಲ್ಮೊ. ಒಳಗಿಂದ ತಿಂದಿದೆ."

ಅವನು ತೂತಿನ ಅಂಚಿನ ಮೇಲೆ ಹೆಬ್ಬೆರಳಾಡಿಸಿದ. "ಹೂಂ."

"ನಾನು ನಿನ್ನ ಕಳ್ಳ ಅಂದ್ಕೊಂಡಿದ್ದೆ."

"ಗೊತ್ತು."

"ಅಲ್ಲ ಅಂತ ನಂಗೊಂದು ಮಾತು ಹೇಳ್ಬಾರದಿತ್ತಾ?"

"ಹೊರಗೆ ಎಲ್ರಿಗೂ ಹೇಳಿದ್ನಲ್ಲ. ಒಳಗೆ ಬೇರೆ ಹೇಳ್ಬೇಕಿತ್ತಾ?"

ಅವಳು ಎದ್ದು ಹೋಗಿ ಬೀದಿಯ ಕಿಟಕಿಯ ಚಿಲಕ ಕಿತ್ತು, ಎರಡೂ ಬಾಗಿಲು ತಳ್ಳಿದಳು. ಎದುರಿನ ಬೆಂಚಿನ ಮೇಲೆ ಕೂತಿದ್ದ ಹೆಂಗಸರು ಕತ್ತು ಉದ್ದ ಮಾಡಿದರು.

"ದೀಪ ಹಾಕು" ಅಂದಳು.

ಅವನು ಅವಳನ್ನು ಓರೆಗಣ್ಣಿನಿಂದ ನೋಡಿದ. "ಏನಿದು, ಪರೀಕ್ಷೆನಾ?"

"ಅಲ್ವೋ ಮಾರಾಯ. ಹಾಕು. ನೋಡೋರೆಲ್ಲ ನೋಡ್ಲಿ."

ಅವನು ಎದ್ದ. ಹಳೆಯ ರೂಢಿಯಂತೆ ಕೈ ಬಾಗಿಲ ಬಲಕ್ಕೆ ಹೋಯಿತು. ಅಲ್ಲಿ ಬರೀ ಗೋಡೆ ಸಿಕ್ಕಿತು, ಅವನು ತಡವರಿಸಿದ.

"ಆ ಕಡೆ ಅಲ್ಲ ಸೆಲ್ಮೊ, ಈ ಕಡೆ" ಅಂದಳು ಲೂಡಿವಿನಾ. "ಆ ಸ್ವಿಚ್ಚು ಕೆಟ್ಟು, ಕಿತ್ತು ಹಾಕಿ ಎಷ್ಟೋ ವರ್ಷ ಆಯ್ತು."