ಎರಡು ತೊಲೆ, ಒಂದು ಕಬ್ಬಿಣದ ಪಟ್ಟಿ

ಬನಹಟ್ಟಿಯ ನಮ್ಮ ಮನೆಯ ಹಿಂದೆ ನಾಲ್ಕು ಪಾವರ್‌ಲೂಮ್ ಹಾಕಿದ ಶೆಡ್ ಇದೆ. ಅದನ್ನು ಅಗಲ ಮಾಡಿಸುವಾಗ ತೊಲೆ ಕೊಟ್ಟವನು ನನ್ನ ಅಣ್ಣ. ಬೀಳಗಿ ಕಡೆಯ ನಮ್ಮ ತವರೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗುವಾಗ ಮನೆಯಿಂದ ಬಿಚ್ಚಿ ತಂದ ಮತ್ತಿ ಮರದ ತೊಲೆಗಳವು. ವರ್ಷಗಟ್ಟಲೆ ಅವನ ಹಿತ್ತಲಲ್ಲಿ ಮಳೆಗೆ ನೆನೆಯುತ್ತ ಬಿದ್ದಿದ್ದವು. ಮೊಳೆ ಹೊಡೆದರೆ ಮೊಳೆಯೇ ಬಾಗುವಷ್ಟು ಗಟ್ಟಿ. ಆದರೆ ಶೆಡ್ಡಿನ ಅಗಲಕ್ಕೆ ಒಂದು ಸಾಲಲಿಲ್ಲ. ಎರಡನ್ನು ತುದಿಗೆ ತುದಿ ಹಚ್ಚಿ, ಎರಡೂ ಬದಿಗೆ ಕಬ್ಬಿಣದ ಪಟ್ಟಿ ಇಟ್ಟು, ಆರಪಾರ ಬೋಲ್ಟ್ ಹಾಕಿ ಬಿಗಿಸಿದೆವು. ಬಡಿಗರನ್ನು ಕರೆಯದೆ, ಗೇಟು ಮಾಡಲು ಬಂದಿದ್ದ ವೆಲ್ಡಿಂಗಿನವನಿಂದಲೇ ಮಾಡಿಸಿದ್ದು.

ಬೇಸಿಗೆ ಮುಗಿಯುವ ಹೊತ್ತಿಗೆ ಆ ಜೋಡಣೆ ಕೆಳಗಿಳಿದಂತೆ ನನಗೆ ಕಾಣತೊಡಗಿತು. ಸರಿಯಾಗಿ ಅದರ ಕೆಳಗೇ ನಮ್ಮತ್ತೆ ರಾಟೆ ಇಟ್ಟುಕೊಂಡು ನೂಲು ಸುತ್ತುತ್ತಿದ್ದರು.

"ಅತ್ತಿ, ರಾಟಿ ಬಾಗಲ ಕಡೆ ಇಡೂಣ್ರಿ," ಅಂದೆ.

"ಯಾಕ ಬೇ? ಇಲ್ಲೇ ಛಲೋ ಐತಿ."

ಕಾರಣ ಹೇಳಲು ಬಾಯಿ ಬರಲಿಲ್ಲ. ತೊಲೆ ನನ್ನ ತವರಿನದು. ಅದರ ಮೇಲೆ ಅನುಮಾನ ಬಂದರೆ ಮಾತು ಅಣ್ಣನ ಮೇಲೆ ಹೋಗುತ್ತದೆ.

ಗಂಡನಿಗೆ ಹೇಳಿದೆ. "ಮತ್ತಿ ಕಟ್ಟಿಗಿ ಅದು. ಆನಿ ನಿಂತರೂ ಮುರಿಯಂಗಿಲ್ಲ," ಎಂದು ಮಗ್ಗದ ಕಡೆ ಹೋದರು. ಮಗ್ಗ ಶುರುವಾಯಿತೆಂದರೆ ಆ ಬೋಲ್ಟುಗಳು ಸಣ್ಣಗೆ ಕಿಣಿಗುಟ್ಟುವುದು ನನಗೆ ಕೇಳುತ್ತಿತ್ತು. ರೊಟ್ಟಿ ಬಡಿಯುವಾಗಲೂ ಕಿವಿ ಅಲ್ಲೇ.

ಕರೆಂಟು ಹೋದ ಒಂದು ಮಧ್ಯಾಹ್ನ ಏಣಿ ಹಾಕಿ, ತೊಲೆಯ ನಾಲ್ಕು ಬೆರಳು ಕೆಳಗೆ, ಗೋಡೆಯಿಂದ ಗೋಡೆಗೆ ನೂಲು ಬಿಗಿದು ಕಟ್ಟಿದೆ. ನಡುವೆ ಬಂದು ಕೈ ಇಟ್ಟು ನೋಡಿದರೆ ಎರಡೇ ಬೆರಳು ಹಿಡಿಸಿದವು. ಜೋಡಣೆ ಎರಡು ಬೆರಳು ಇಳಿದಿತ್ತು. ಗಂಡನನ್ನು ಕರೆದು ತೋರಿಸಿದೆ. ಅವರೂ ಏಣಿ ಹತ್ತಿ ಬೆರಳು ಇಟ್ಟು ನೋಡಿದರು. ಮರುದಿನ ಬೆಳಿಗ್ಗೆ ಜಮಖಂಡಿಯಿಂದ ಒಬ್ಬ ಹಿರಿಯ ಬಡಿಗರನ್ನು ಬೈಕಿನ ಮೇಲೆ ಕೂರಿಸಿಕೊಂಡು ಬಂದರು.

ಬಡಿಗರು ಮೇಲೆ ಹತ್ತಿ ನಟ್ಟಿಗೆ ಬೆರಳು ಹಚ್ಚಿದರು. ನಟ್ಟು ತಿರುಗಿಸುವ ಪಾನಾ ಬೇಕಾಗಲಿಲ್ಲ, ಬೆರಳಿಗೇ ತಿರುಗಿತು.

"ಇದು ಮುರಿಯೂದಲ್ಲ ತಂಗಿ, ಜಾರೂದು. ಹಸಿ ಇದ್ದಾಗ ಬಿಗದಾರ, ಈಗ ಒಣಗಿ ಕಟ್ಟಿಗಿ ಕುಗ್ಗೇತಿ. ಅದರಾಗ ಬೋಲ್ಟಿಗಿಂತ ತೂತ ದೊಡ್ಡೂ. ಪಟ್ಟಿ ಭಾರ ಹಿಡಿಯೂ ಮೊದಲ ತೊಲಿ ಇಳದಬಿಡತೈತಿ."

"ಬೀಳತೈತೇನ್ರಿ ಕಾಕಾ?"

"ಇವತ್ತ ಬೀಳಂಗಿಲ್ಲ. ಮಗ್ಗ ಮಾತ್ರ ಬಂದ್ ಮಾಡ್ರಿ," ಅಂದರು.

ಕೆಳಗೆ ಜಾಕ್ ಕೊಟ್ಟು ತೊಲೆ ಎತ್ತಿ ಹಿಡಿದು ಹಳೆಯ ಪಟ್ಟಿ ಬಿಚ್ಚಿದರು. ಮರ ಒಮ್ಮೆ ಕರಕರ ಎಂದಿತು, ತಗಡಿನಿಂದ ಧೂಳು ಸುರಿಯಿತು. ಬಾಗಿಲಲ್ಲಿ ನಿಂತಿದ್ದ ಅತ್ತೆ ನನ್ನ ಮುಂಗೈ ಗಟ್ಟಿಯಾಗಿ ಹಿಡಿದರು.

"ನಮ್ಮ ತವರಮನಿ ತೊಲಿ ಅಂತ ಹೇಳಾಕ ಅಂಜಿದ್ನಿರಿ," ಅಂದೆ.

"ನಂಗೂ ಕಾಣತಿತ್ತ. ನೀ ಮನಸಿಗೆ ಹಚ್ಚಕೋತಿ ಅಂತ ನಾನೂ ಸುಮ್ನಿದ್ದೆ."

ಇಷ್ಟು ದಿನ ಎಲ್ಲ ತಿಳಿದೂ ಅವರು ಅದರ ಕೆಳಗೇ ಕೂತಿದ್ದರು!

ಮರದ ತೂತುಗಳು ದುಂಡಗಿರಲಿಲ್ಲ. ಬೋಲ್ಟು ತಿಕ್ಕಿ ತಿಕ್ಕಿ ಮೊಟ್ಟೆಯಂತೆ ಉದ್ದವಾಗಿದ್ದವು. ಬಡಿಗರು ಉದ್ದನೆಯ, ದಪ್ಪ ಪಟ್ಟಿ ತರಿಸಿದರು. ಹಳೆಯ ತೂತುಗಳನ್ನು ಬಿಟ್ಟು, ಪಟ್ಟಿ ಮತ್ತು ಮರ ಎರಡಕ್ಕೂ ಒಟ್ಟಿಗೇ ಹೊಸ ತೂತು ಕೊರೆದರು. ಮರ ಗಟ್ಟಿಯಾದ್ದರಿಂದ ಡ್ರಿಲ್ ಹೊಗೆಯಾಡುತ್ತಿತ್ತು. ಬೋಲ್ಟುಗಳನ್ನು ಸುತ್ತಿಗೆಯಿಂದ ಬಡಿದೇ ಒಳಗೆ ಕಳಿಸಬೇಕಾಯಿತು. ಸಂಜೆ ಜಾಕ್ ಸಡಿಲಿಸಿದಾಗ ನಾವು ಮೂವರೂ ಜೋಡಣೆಯ ಮೇಲೆ ಕಣ್ಣಿಟ್ಟು ನಿಂತಿದ್ದೆವು. ತೊಲೆ ಕೂದಲೆಳೆಯಷ್ಟು ಇಳಿದು ಅಲ್ಲೇ ನಿಂತಿತು.

"ಇಷ್ಟ ಇಳಿಯೂದು ಬರೋಬರಿ. ಮೂರ ತಿಂಗಳಿಗೊಮ್ಮಿ ಪಾನಾ ಹಚ್ಚಿ ನೋಡ್ರಿ," ಎಂದು ಹೇಳಿ ಬಡಿಗರು ಹೋದರು.

ಅಂದಿನಿಂದ ಆ ಕೆಲಸ ನನ್ನದು. ಮೊನ್ನೆ ನೋಡಿದಾಗ ಒಂದು ನಟ್ಟು ಬಿಟ್ಟು ಉಳಿದವು ಅಲುಗಲಿಲ್ಲ. ಅದೊಂದು ಕಾಲು ಸುತ್ತು ತಿರುಗಿತು. ಕೆಳಗಿಳಿದು ಗಂಡನಿಗೆ ಹೇಳಿದೆ. ಅವರು ನಾಲ್ಕೂ ಮಗ್ಗ ನಿಲ್ಲಿಸಿ, ತಾವೇ ಏಣಿ ಹತ್ತಿದರು.