ರಂಗೋಲಿಯ ಗೆರೆಯೊಳಗಿನ ಕಾಲು

ನಮ್ಮ ಕಡೆ ಹೊಸ ಚಪ್ಪಲಿ ಬಿಗಿಯಾಗಿಯೇ ಇರಬೇಕು. ಹೊಸ ಅಳಿಯನಂತೆ ನಾಲ್ಕು ದಿನ ಕಾಡಿ ಆಮೇಲೆ ಹೊಂದಿಕೊಳ್ಳುತ್ತದೆ ಎಂಬ ನಂಬಿಕೆ. ಬಾದಾಮಿಯ ಸಾಲೆಯಲ್ಲಿ ಮಾಸ್ತರರಾಗಿದ್ದ ನಮ್ಮಪ್ಪ ಇಳಕಲ್ಲಿನ ಪೇಟೆಯಿಂದ ಅಂಥದೇ ಜೋಡಿ ತಂದರು. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹುಡುಗರಿಗೆ ಕಲಿಸಿ ಕಲಿಸಿ, ಚಪ್ಪಲಿಗೂ ಅದೇ ನ್ಯಾಯ ಅಂದುಕೊಂಡಿದ್ದರೋ ಏನೋ!

‘ನೋಡು, ಒಂದಿನಾನೂ ಕಚ್ಚಿಲ್ಲ,’ ಎಂದು ಅವ್ವನೆದುರು ಹೆಮ್ಮೆಪಟ್ಟರು. ಆ ಸಂಜೆ ಅವರ ಕಾಲಿಗೆ ನೀರು ಹಾಕುತ್ತಿದ್ದ ಅವ್ವ ತಂಬಿಗೆ ಕೆಳಗಿಟ್ಟುಬಿಟ್ಟಳು. ಹರಿಯುವ ನೀರು ಕೆಂಪಗಿತ್ತು. ಕಿರುಬೆರಳ ಪಕ್ಕ ತೊಗಲು ಕಿತ್ತು ಹುಣ್ಣಾಗಿತ್ತು. ಅಪ್ಪನಿಗೆ ಅದರ ಸುದ್ದಿಯೇ ಇರಲಿಲ್ಲ.

ಅಪ್ಪನ ಸಕ್ಕರೆ ಕಾಯಿಲೆಗೆ ಔಷಧ ಕೊಡುತ್ತಿದ್ದ ಡಾಕ್ಟರು ಬಾಗಲಕೋಟೆಯಲ್ಲಿದ್ದರು. ನಾನೂ ಜೊತೆಗೆ ಹೋಗಿದ್ದೆ.

‘ಚಪ್ಪಲಿ ಕಚ್ಚೇದರಿ ಮಾಸ್ತರ, ನಿಮ್ಮ ಕಾಲಿಗೆ ಗೊತ್ತಾಗಿಲ್ಲ. ಈ ಬ್ಯಾನಿ ಹಂಗ. ಇನ್ನೊಮ್ಮೆ ಹಿಂಗಾದ್ರ ಕಾಲು ಕತ್ತರಿಸಬೇಕಾಗ್ತದ,’ ಎಂದರು.

ರೈಲಿನಲ್ಲಿ ಮರಳುವಾಗ ನನಗೆ ಆ ಡಾಕ್ಟರ ಮೇಲೆಯೇ ಸಿಟ್ಟು ಬಂದಿತ್ತು.

ಹುಣ್ಣು ಮಾಯುವ ತನಕ ಅವ್ವ ಅಪ್ಪನನ್ನು ಹೊಸ್ತಿಲು ದಾಟಗೊಡಲಿಲ್ಲ. ಮಾದ ಮೇಲೆ, ಕಾಲು ಊದಿಕೊಳ್ಳುವ ಸಂಜೆ ಹೊತ್ತು ನೋಡಿ, ಅಂಗಳದ ಬಂಡೆಯ ಮೇಲೆ ನಿಲ್ಲಿಸಿ ಎರಡೂ ಪಾದದ ಸುತ್ತ ರಂಗೋಲಿ ಎಳೆದಳು.

‘ನಾನೇನು ಲಕ್ಷ್ಮೀನ, ಪಾದಾ ಬರೀಲಿಕ್ಕೆ?’ ಅಪ್ಪ ಗೊಣಗಿದರು.

‘ಸುಮ್ನ ನಿಂದರ್ರಿ, ಅಳ್ಳಾಡಬ್ಯಾಡ್ರಿ.’

ಪೇಟೆಯಿಂದ ತರಿಸಿದ ಜೋಡಿಗಳನ್ನು ಒಂದೊಂದಾಗಿ ಆ ಗೆರೆಯ ಮೇಲೆ ಇಟ್ಟಳು. ಗೆರೆ ಹೊರಗೆ ಕಂಡಿತೋ, ಆ ಜೋಡಿ ವಾಪಸು. ಗೆರೆ ಮುಚ್ಚಿದ ಜೋಡಿಯ ಪಟ್ಟಿಯೊಳಗೆ ಬೆರಳಾಡಿಸಿ ಮೊಳೆ, ದಾರದ ಗಂಟು ಹುಡುಕಿದಳು. ಅಪ್ಪನ ಕಾಲಿಗೆ ತಿಳಿಯದ್ದು ಅವಳ ಬೆರಳಿಗೆ ತಿಳಿಯಬೇಕಿತ್ತು. ಮುಂದೆ ದಿನಾ ಬೆಳಗ್ಗೆ ಅದೇ ಕೆಲಸ. ಆ ಬೆರಳುಗಳ ಋಣ ನೆನೆದರೆ ಈಗಲೂ ನನ್ನ ಕಣ್ಣು ತುಂಬುತ್ತದೆ.

ಮತ್ತೆ ಸಾಲೆಗೆ ಹೊರಟ ದಿನ ಅಪ್ಪ ಬಾಗಿಲಲ್ಲಿ ನಿಂತು ಅವ್ವನ ಬರಿಗಾಲು ನೋಡಿದರು. ಅವಳು ಹುಟ್ಟಿದಾಗಿನಿಂದ ಚಪ್ಪಲಿ ಮೆಟ್ಟಿದವಳಲ್ಲ.

‘ನಿನಗೂ ಒಂದು ಜೋಡಿ ತರ್ತೇನಿ.’

‘ಮೊದ್ಲ ನೀವು ಎರಡೂ ಕಾಲ ಮ್ಯಾಲ ಮನಿಗೆ ಬರ್ರಿ,’ ಎಂದಳು.

ಬಂದರು. ನಿವೃತ್ತರಾಗುವ ತನಕ ದಿನಾ ಬಂದರು. ಅವ್ವ ಕಾಲಿಗೆ ನೀರು ಹಾಕುವಾಗ ಅಪ್ಪನ ಮುಖ ನೋಡುತ್ತಿರಲಿಲ್ಲ, ಹರಿಯುವ ನೀರನ್ನೇ ನೋಡುತ್ತಿದ್ದಳು. ಅದು ತಿಳಿಯಾಗಿ ಹರಿದು ಹೋದ ಮೇಲೆಯೇ, ‘ಒಳಗ ಬರ್ರಿ, ಚಹಾ ಆಗೇದ,’ ಎನ್ನುತ್ತಿದ್ದಳು.